ದೂತ ಹೇಳುವವರೆಗೆ

ಈ ವರ್ಷ ಫೆಬ್ರುವರಿಯ ಕೊನೆಯ ಭಾನುವಾರ ಸಂಜೆ ಹರಿಹರದಲ್ಲಿ, ಹೊಳೆದಂಡೆಗೆ ಹತ್ತಿರದ ಶಾಲೆಯೊಂದರ ಬಯಲು ರಂಗದ ಮೇಲೆ, ವಿಶ್ವವಿದ್ಯಾಲಯದ ಸಂಜೆ ತರಗತಿಯ ವಿದ್ಯಾರ್ಥಿಗಳಾದ ನಾವು ಹಳೆಯ ಪದ್ಯನಾಟಕವೊಂದನ್ನು ಆಡಿದೆವು. ನನ್ನದು ಮುದಿ ಅರಸನ ಪಾತ್ರ. ಯುದ್ಧದ ಸುದ್ದಿ ತರುವ ದೂತನ ಪಾತ್ರ ಇಪ್ಪತ್ತಮೂರು ವರ್ಷದ ಸಹಪಾಠಿಯೊಬ್ಬನದು. ಅವನ ಮಾತಿನ ಕೊನೆಯ ಸಾಲಿನ ಮೊದಲ ಪದ ಬಾಯಿಂದ ಹೊರಗೆ ಬರಲಿಲ್ಲ. ಆ ಪದ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

ಹೇಳದೆ ಕೂರುವುದನ್ನು ಕಲಿಯಲು ನನಗೆ ಒಂದು ಮಳೆಗಾಲ, ಒಂದು ಚಳಿಗಾಲ ಬೇಕಾಯಿತು.

ನಾನು ದಾವಣಗೆರೆಯ ದಿನಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಪಾಳಿ ತಪ್ಪಿ ಸಂಜೆಗಳು ಕೈಗೆ ಸಿಕ್ಕ ವರ್ಷ, ಐವತ್ತು ದಾಟಿದ ಮೇಲೆ, ರಂಗಕಲೆಯ ಒಂದು ವರ್ಷದ ತರಗತಿಗೆ ಸೇರಿದೆ. ನನ್ನನ್ನು ಬಿಟ್ಟರೆ ಉಳಿದವರೆಲ್ಲ ನನ್ನ ಮಗಳ ಓರಗೆಯವರು. ಕಲಿಸುವ ಮೇಡಂ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನನಗಿಂತ ಸ್ವಲ್ಪ ದೊಡ್ಡವರು. ನನ್ನನ್ನು ‘ಸರ್’ ಎಂದೇ ಕರೆಯುತ್ತಿದ್ದರು, ಬೈಯುವಾಗಲೂ.

ಮೊದಲ ಪಾಠ ಮೇಜು ತಟ್ಟುವುದು. ನಾಟಕದ ಪದ್ಯ ಐದೈದು ಮಾತ್ರೆಯ ಗುಂಪಿನದು, ಸಾಲಿಗೆ ನಾಲ್ಕು ಗುಂಪು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಎರಡು. ಶಾಲೆಯಲ್ಲಿ ಓದಿ ಮರೆತದ್ದೆಲ್ಲ ಬೆರಳ ತುದಿಗೆ ವಾಪಸು ಬಂತು. ದೂತನ ಮೊದಲ ಸಾಲನ್ನು ಎಲ್ಲರೂ ಒಟ್ಟಿಗೆ ತಟ್ಟಿದೆವು:

ದೊರೆಯೆ, ಬಂ | ದೆನು ನಾನು | ಬಯಲಿನಿಂ | ದೋಡುತ್ತ

ಇಲ್ಲಿ ಸಾಲು ಮುಗಿಯಿತು, ವಾಕ್ಯ ಮುಗಿಯಲಿಲ್ಲ. ಓಡುತ್ತ ಬಂದು ಏನಾಯಿತು ಎಂಬುದು ಮುಂದಿನ ಸಾಲಿನಲ್ಲಿದೆ. ಕಲಿಯುವವರೆಲ್ಲ ಮಾಡುವ ತಪ್ಪು ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವುದು. ಮೇಡಂ ಪ್ರತಿಯೊಬ್ಬರ ಪ್ರತಿಯಲ್ಲೂ ಪೆನ್ಸಿಲ್ಲಿನಿಂದ ಉಸಿರಿನ ಗುರುತು ಹಾಕಿಸಿದರು. ಅರ್ಥ ನಿಂತಲ್ಲಿ ಮಾತ್ರ ಗುರುತು. ಬೇರೆಲ್ಲೂ ಉಸಿರು ತೆಗೆದುಕೊಳ್ಳುವಂತಿಲ್ಲ.

ಅವರ ಕ್ರಮ ಹೀಗಿತ್ತು. ಮೊದಲು ತಟ್ಟಿಕೊಂಡು ಓದಬೇಕು. ಆಮೇಲೆ ಗುರುತಿನ ಪ್ರಕಾರ ಉಸಿರಾಡಿ ಓದಬೇಕು. ಆಮೇಲೆ ಪುಸ್ತಕ ಮುಚ್ಚಿ, ಅದೇ ವಿಷಯವನ್ನು ಮನೆಯಲ್ಲಿ ಆಡುವ ಮಾತಿನಲ್ಲಿ ಎದುರಿಗಿದ್ದವರಿಗೆ ಹೇಳಬೇಕು. ಕೊನೆಗೆ ಪದ್ಯಕ್ಕೆ ಮರಳಿ, ಪದ್ಯವನ್ನೇ ಮನೆಮಾತಿನಷ್ಟು ಸಲೀಸಾಗಿ ಆಡಬೇಕು.

ಮೊದಲ ಎರಡು ಹಂತಗಳಲ್ಲಿ ಎಲ್ಲರಿಗಿಂತ ಮುಂದಿದ್ದವನು ಹಿಂದಿನ ಬೆಂಚಿನ ಒಬ್ಬ ಯುವಕ. ಮಂಡಿಪೇಟೆಯಲ್ಲಿ ಅವನ ತಂದೆಯ ಗೋಣಿಚೀಲ, ಹಗ್ಗದ ಸಗಟು ಅಂಗಡಿ. ಮನೆಮಾತು ಉರ್ದು. ಹಾಜರಿ ಕರೆದಾಗ ಕೈ ಎತ್ತುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ನಾಚಿಕೆ ಎಂದುಕೊಂಡಿದ್ದೆವು. ದೂತನ ಎರಡು ಪುಟದ ಮಾತನ್ನು ಅವನು ಮೇಜು ತಟ್ಟಿಕೊಂಡು ಓದಿದಾಗ ಮುಂದಿನ ಬೆಂಚಿನವರೆಲ್ಲ ಹಿಂದೆ ತಿರುಗಿ ನೋಡಿದರು. ಅಗಲವಾದ, ಅವಸರವಿಲ್ಲದ ದನಿ. ಮೇಡಂ ಅಲ್ಲೇ ಪಾತ್ರ ಕೊಟ್ಟರು.

“ಅರಸ ಯಾರು ಮೇಡಂ?” ಎಂದು ಯಾರೋ ಕೇಳಿದರು.

“ಕೂದಲು ಬೆಳ್ಳಗಾದೋರು ಒಬ್ರೇ ಅದಾರಲ್ಲ,” ಎಂದರು ಮೇಡಂ. “ಮಾತೂ ಕಡಿಮೆ ಐತೆ. ಕೂತ್ಕಂಡು ಕೇಳೋದು ಅಷ್ಟೇ.”

ಆ ‘ಅಷ್ಟೇ’ ಎಷ್ಟು ದೊಡ್ಡದೆಂದು ನನಗೆ ತಿಳಿಯುವುದಕ್ಕೆ ದಸರೆ ಬಂತು.

ದೃಶ್ಯ ಸರಳ. ಅರಸ ಕುಳಿತಿದ್ದಾನೆ. ಮಕ್ಕಳೆಲ್ಲ ಯುದ್ಧಕ್ಕೆ ಹೋಗಿದ್ದಾರೆ. ದೂತ ಬಂದು ಎರಡು ಪುಟದಷ್ಟು ಮಾತಾಡುತ್ತಾನೆ. ಧೂಳು, ಕುದುರೆ, ಬಿಸಿಲು, ಯಾರು ಎಲ್ಲಿ ನಿಂತಿದ್ದರು, ಗಾಳಿ ಯಾವ ಕಡೆಗಿತ್ತು. ಕಿರಿಯ ಮಗ ಸತ್ತ ಸುದ್ದಿ ಕಟ್ಟಕಡೆಯ ಸಾಲಿನಲ್ಲಿ: ‘ಬಿದ್ದನದೊ ಕಡೆಯವನು, ನಿನ್ನ ಮಗನೆದೆಯೊಡ್ಡಿ.’ ಅದಕ್ಕೆ ಅರಸನ ಉತ್ತರ, ಇಡೀ ದೃಶ್ಯದಲ್ಲಿ ಅವನ ಒಂದೇ ಮಾತು: ‘ಇನ್ನೊಮ್ಮೆ ಹೇಳು.’ ದೂತ ಆ ಸಾಲನ್ನು ಮತ್ತೆ ಹೇಳುತ್ತಾನೆ. ಪರದೆ.

ನಮ್ಮ ಮೇಜಿನಲ್ಲಿ ಈ ವರದಿ ಬಂದಿದ್ದರೆ ಕೊನೆಯ ಸಾಲನ್ನು ಎತ್ತಿ ತಲೆಯ ಮೇಲಿಟ್ಟು, ಗಾಳಿ-ಧೂಳನ್ನು ಜಾಗವಿದ್ದರೆ ಉಳಿಸುತ್ತಿದ್ದೆ. ಕೂತು ಕೇಳುವಾಗಲೂ ನಾನು ಅದನ್ನೇ ಮಾಡುತ್ತಿದ್ದೆನಂತೆ. ದೂತ ಮೊದಲ ಹೆಜ್ಜೆ ಇಟ್ಟಾಗಲೇ ನನ್ನ ಮುಖ ಕಳೆಗುಂದಿರುತ್ತಿತ್ತು. ನಡುನಡುವೆ ಫೋನಿನಲ್ಲಿ ವರದಿಗಾರರಿಗೆ ಹಾಕುವಂತೆ ‘ಹ್ಞೂಂ, ಹ್ಞೂಂ’ ಬೇರೆ.

“ಸರ್, ಯಾಕ ತಲೆ ಆಡಿಸ್ತೀರಿ?” ಮೇಡಂ ತಾಲೀಮು ನಿಲ್ಲಿಸಿದರು. “ಬೇಗ ಹೇಳಿ ಮುಗ್ಸಪಾ, ಪುಟ ಪ್ರಿಂಟಿಗೆ ಹೋಗಬೇಕು ಅನ್ನೋ ಹಂಗೆ ಕೂತೀರಿ. ನಿಮಗೆ ಸುದ್ದಿ ಮೊದ್ಲೇ ಗೊತ್ತಾಗಿಬಿಟ್ಟೈತೆ.”

“ನಾಟಕ ಓದಿದೀನಲ್ಲ ಮೇಡಂ.”

“ನೀವು ಓದೀರಿ. ಅರಸ ಓದಿಲ್ಲ.”

ಕಾವಲುಭಟನ ಪಾತ್ರದ ಹುಡುಗಿ ಮುಖ ಮುಚ್ಚಿಕೊಂಡು ನಕ್ಕಳು. ಹರಿಹರದ ಪಕ್ಕದ ಹಳ್ಳಿಯ ರೈತರ ಮನೆಯವಳು. ಎಲ್ಲರ ಮಾತೂ ಬಾಯಿಪಾಠ ಇದ್ದುದರಿಂದ ಯಾರಾದರೂ ತಪ್ಪಿಸಿಕೊಂಡ ದಿನ ಅವರ ಜಾಗದಲ್ಲಿ ನಿಲ್ಲುತ್ತಿದ್ದಳು.

ಮೂರನೆಯ ಹಂತಕ್ಕೆ ಬಂದಾಗ, ಅಂದರೆ ಪುಸ್ತಕ ಮುಚ್ಚಿ ಮನೆಮಾತಿನಲ್ಲಿ ಹೇಳುವ ದಿನ, ದೂತ ನನ್ನೆದುರು ನಿಂತು ಬಾಯಿ ತೆರೆದ. ಮಾತು ಹೊರಡಲಿಲ್ಲ. ಕತ್ತಿನ ನರ ಬಿಗಿಯಿತು, ಕಣ್ಣು ಒಂದು ಕ್ಷಣ ಮುಚ್ಚಿತು, ತುಟಿ ಕೂಡಿಕೊಂಡೇ ಇತ್ತು. ಅವನಿಗೆ ಉಗ್ಗು ಇದೆಯೆಂದು ನಮಗೆ ತಿಳಿದದ್ದು ಆಗ. ಪದ್ಯದಲ್ಲಿ ಐದರ ತಟ್ಟು ಅವನನ್ನು ಎತ್ತಿಕೊಂಡು ಹೋಗುತ್ತಿತ್ತು. ತಟ್ಟು ಇಲ್ಲದ ಕಡೆ, ವಾಕ್ಯದ ಶುರುವಿನಲ್ಲಿ, ಅದರಲ್ಲೂ ತುಟಿ ಮುಚ್ಚಿ ತೆರೆಯುವ ಅಕ್ಷರಗಳಲ್ಲಿ, ಅವನು ಸಿಕ್ಕಿಕೊಳ್ಳುತ್ತಿದ್ದ.

ಯಾರೂ ನಗಲಿಲ್ಲ. ನಾನು ಸಹಾಯಕ್ಕೆ ಹೋದೆ. “ಬಯಲಿನಾಗೆ...” ಎಂದು ಅವನ ಪದ ಎತ್ತಿಕೊಟ್ಟೆ. ಅವನು ತಲೆಯಾಡಿಸಿದ. ಮುಂದಿನದನ್ನೂ ಎತ್ತಿಕೊಟ್ಟೆ. ಹಾಗೆ ಇಬ್ಬರೂ ಸೇರಿ ಎರಡು ಪುಟದ ಕಥೆ ಮುಗಿಸಿದೆವು. ನನಗೆ ಒಳ್ಳೆಯ ಕೆಲಸ ಮಾಡಿದ ಸಮಾಧಾನ. ನನ್ನ ವೃತ್ತಿಯಲ್ಲಿ ಅದು ದಿನವೂ ಮಾಡುವ ಕೆಲಸ. ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ವರದಿಗಾರ ಫೋನ್ ಮಾಡಿ “ಸರ್, ಇಲ್ಲಿ ಬೈಪಾಸ್ ಹತ್ರ ಒಂದು ಲಾರಿ...” ಎನ್ನುವಷ್ಟರಲ್ಲಿ ನಾನು “ಎಷ್ಟು ಜನ?” ಎಂದಿರುತ್ತೇನೆ.

ನಾಲ್ಕನೆಯ ಹಂತದಲ್ಲಿ ಕಷ್ಟ ಶುರುವಾಯಿತು. ಮೇಡಂ ತಟ್ಟು ಬಿಡಿಸಿದರು. “ಹಾಡಿಗೆ ಹೊಂಟೈತೆ ನಿನ್ನ ಮಾತು. ನೀನು ಸುದ್ದಿ ಹೇಳಾಕೆ ಬಂದೀಯೋ, ಹರಿಕಥೆ ಮಾಡಾಕೆ ಬಂದೀಯೋ? ಸಾಲು ಒಡಿ. ನಿನ್ನ ಮಾತಿನಂಗೆ ಆಡು.” ಅವನು ಸಾಲು ಒಡೆದ. ಅದರೊಂದಿಗೆ ದನಿಯೂ ಒಡೆಯಿತು. ಇಲ್ಲಿಯವರೆಗೆ ಪದ್ಯದೊಳಗೆ ಬರದಿದ್ದ ಉಗ್ಗು ಪದ್ಯಕ್ಕೂ ಬಂತು. ಎಲ್ಲಕ್ಕಿಂತ ಕಷ್ಟದ ಜಾಗ ಕೊನೆಯ ಸಾಲು. ಅದರ ಹಿಂದಿನ ಸಾಲಿನಲ್ಲಿ ವಾಕ್ಯ ಮುಗಿದು, ಪೆನ್ಸಿಲ್ಲಿನ ಉಸಿರಿನ ಗುರುತು. ನಿಂತಲ್ಲಿಂದ ಹೊಸದಾಗಿ ಹೊರಡಬೇಕು. ಹೊರಡುವ ಅಕ್ಷರ ‘ಬಿ’. ಒಂದು ಸಂಜೆ ಅಲ್ಲಿ ಅವನು ನಿಂತಾಗ ನಾನು ಅರಸನ ಪೀಠದ ಮೇಲಿಂದಲೇ “ಬಿದ್ದನೆ?” ಎಂದು ಕೇಳಿಬಿಟ್ಟೆ. ಪ್ರಶ್ನೆಯಾಗಿ ಕೇಳಿದರೆ ಅಭಿನಯದಂತೆ ಕಾಣುತ್ತದೆ, ಅವನಿಗೂ ಹಾದಿ ಸಿಗುತ್ತದೆ ಎಂಬ ಲೆಕ್ಕ.

ಅವನು ನನ್ನನ್ನು ನೋಡಿದ. “ಹೌದು,” ಎಂದ. ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಮಾರನೆಯ ತರಗತಿಗೆ ಬರಲಿಲ್ಲ, ಅದರ ಮಾರನೆಯದಕ್ಕೂ ಬರಲಿಲ್ಲ.

ಮೇಡಂ ನನ್ನ ಮೇಲೆ ಸಿಟ್ಟಾಗಲಿಲ್ಲ. “ಹೋಗಿ ಮಾತಾಡ್ಸಿಕೊಂಡು ಬರ್ರಿ,” ಎಂದರು ಅಷ್ಟೇ.

ಮಂಡಿಪೇಟೆಯ ಆ ಅಂಗಡಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಹೊಸ ಸೆಣಬಿನ ವಾಸನೆ ಬೀದಿಯ ತನಕ ಬರುತ್ತಿತ್ತು. ತಂದೆ ಗದ್ದಿಗೆಯ ಮೇಲೆ ಕೂತಿದ್ದರು. ಮಗ ಒಳಗೆ ಚೀಲದ ಕಟ್ಟು ಎಣಿಸುತ್ತಿದ್ದ.

“ಬರ್ರಿ ಸರ್, ಕೂಡ್ರಿ. ನಾಟಕದ ರಾಜರು ನೀವೇ ಏನ್ರಿ?” ತಂದೆ ಜಾಗ ಮಾಡಿಕೊಟ್ಟರು. “ಮನ್ಯಾಗ ಅದೇ ಮಾತು. ಕೋಣೆ ಬಾಗಿಲು ಹಾಕ್ಕಂಡು ಓದ್ತಾನೆ. ಗಟಗಟ ಅಂತ ನೀರು ಕುಡದಂಗೆ ಓದ್ತಾನ್ರಿ! ಹೊರಗೆ ಬಂದ್ರೆ ಒಂದು ಮಾತಿಲ್ಲ. ಗಿರಾಕಿಗೆ ರೇಟ್ ಹೇಳೋದು ಸುದ್ದಾ ನಾನೇ.”

ಅಷ್ಟರಲ್ಲಿ ಅಂಗಡಿಯ ಫೋನ್ ಬಡಿಯಿತು. ಅದು ಮಗನ ಕೈಗೆ ಹತ್ತಿರವಿತ್ತು. ಅವನು ಅದನ್ನು ನೋಡಿದ, ಮತ್ತೆ ಚೀಲದ ಕಡೆ ತಿರುಗಿದ. ತಂದೆ ಕೂತಲ್ಲಿಂದ ಎದ್ದು, ಚಪ್ಪಲಿ ಮೆಟ್ಟಿ, ಸುತ್ತಿ ಬಂದು ಎತ್ತಿದರು. ಎತ್ತಿದವರು ಮೊದಲು ಅಂಗಡಿಯ ಹೆಸರು ಹೇಳುವುದು ಅಲ್ಲಿನ ರೂಢಿ. ಆ ಹೆಸರೂ ‘ಬ’ದಿಂದಲೇ ಶುರು.

ಮಗ ನನ್ನ ಕಡೆ ಬಂದು, “ಸರ್, ಚಾ...” ಎಂದ. ಮುಂದಿನದು ಬರುವ ಮೊದಲೇ ತಂದೆ ಫೋನಿನ ಬಾಯಿ ಮುಚ್ಚಿಕೊಂಡು, “ಕುಡಿಯಾಕೆ ಕರೀತಾ ಅದಾನೆ, ಹೋಗ್ರಿ ಸರ್,” ಎಂದರು. ಅದರಲ್ಲಿ ಬಿರುಸಿರಲಿಲ್ಲ. ಮಗುವಿನ ಕೈಯಿಂದ ಭಾರದ ಚೀಲ ಇಸಿದುಕೊಳ್ಳುವವರ ದನಿ ಅದು.

ಎದುರಿನ ಗಾಡಿಯ ಹತ್ತಿರ ನಿಂತು ಚಹಾ ಕುಡಿದೆವು. ಅವನು ಮಾತಾಡಿದ. ನಡುವೆ ಬಹಳ ಸಲ ನಿಂತ. ನಾನು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಅವನು ಕೈ ಅಡ್ಡ ಹಿಡಿದ. ಆಮೇಲೆ ಸುಮ್ಮನಾದೆ. ಅವನು ಹೇಳಿದ್ದು ಇಷ್ಟು:

“ಸರ್, ಅಬ್ಬಾ ನನ್ನ ಮಾತು ಮುಗಿಸ್ತಾರೆ. ಅಮ್ಮೀನೂ ಮುಗಿಸ್ತಾರೆ. ದೋಸ್ತರೂ ಅಷ್ಟೇ. ಎಲ್ಲಾರೂ ಒಳ್ಳೇದಕ್ಕೇ ಮಾಡ್ತಾರೆ. ಒಂದೊಂದ್ಸಲ ಅವರು ಮುಗಿಸಿದ್ದು ನಾನು ಹೇಳ್ಬೇಕು ಅಂದಿದ್ದೇ ಅಲ್ಲ. ಆದ್ರೂ ಹೌದು ಅಂತೀನಿ. ಸುಲಭ ಅಲ್ವಾ. ಪದ್ಯ ಯಾಕ ಇಷ್ಟ ಅಂದ್ರೆ, ಅದರಾಗ ಯಾರೂ ನಡುವೆ ಬಾಯಿ ಹಾಕಲ್ಲ. ಯಾರಿಗೂ ಮುಂದಿಂದು ಗೊತ್ತಿರಲ್ಲ.” ಲೋಟ ಕೆಳಗಿಟ್ಟ. “ನಿಮಗೆ ಗೊತ್ತೈತೆ.”

ಬರುತ್ತೀಯಾ ಎಂದು ಕೇಳಿದೆ. ಬರುತ್ತೇನೆ ಎಂದು ಅವನು ಹೇಳಿ ಮುಗಿಸುವ ತನಕ ಒಂದು ಲಾರಿ ಬಂದು, ಹಿಂದಕ್ಕೆ ತೆಗೆದು, ಬೀದಿಯಿಂದ ಹೊರಗೆ ಹೋಯಿತು.

ಅಂದಿನಿಂದ ನನ್ನ ನಿಜವಾದ ತಾಲೀಮು ಸುದ್ದಿಮೇಜಿನಲ್ಲಿ ನಡೆಯಿತು. ಫೋನ್ ಬಂದರೆ ಆ ಕಡೆಯವರು ಪೂರ್ತಿ ನಿಲ್ಲಿಸುವವರೆಗೆ ಮಾತಾಡಬಾರದು ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ. ಮೊದಲ ದಿನವೇ ಹೊನ್ನಾಳಿಯ ವರದಿಗಾರ ಅರ್ಧಕ್ಕೆ ನಿಲ್ಲಿಸಿ, “ಸರ್? ಸರ್, ಲೈನ್ ಕಟ್ಟಾತೇನ್ರಿ?” ಎಂದ.

“ಇಲ್ಲಪ್ಪ, ಕೇಳ್ತಿದೀನಿ. ಹೇಳು.”

“ಏನ್ ಸರ್, ಆರಾಮಿಲ್ಲೇನು?”

ಅವನು ಗಾಬರಿಯಾಗಿ ಮತ್ತೆ ಮೊದಲಿನಿಂದ ಹೇಳಿದ. ಬೆಂಕಿ ಬಿದ್ದ ಬಣವೆಯ ಸುದ್ದಿ. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಬೆಂಕಿ ಆರಿಸಲು ಬಂದವರಿಗೆ ನೀರು ಸಾಲದೆ, ಪಕ್ಕದ ಮನೆಯವರು ಮದುವೆಗೆ ತರಿಸಿದ್ದ ನೀರಿನ ಟ್ಯಾಂಕರ್ ಬಿಟ್ಟುಕೊಟ್ಟದ್ದನ್ನು ಅವನು ಕೊನೆಯಲ್ಲಿ ಹೇಳಿದ. ಎಂದಿನಂತೆ ‘ಎಷ್ಟು ಜನ?’ ಎಂದು ಕೇಳಿದ್ದರೆ ಅಲ್ಲಿಗೆ ಫೋನ್ ಇಟ್ಟಿರುತ್ತಿದ್ದೆ. ಮರುದಿನದ ಪುಟದಲ್ಲಿ ಆ ಟ್ಯಾಂಕರ್ ಮೊದಲ ಸಾಲಿಗೆ ಹೋಯಿತು.

ಜನವರಿಯಲ್ಲಿ ತಾಲೀಮು ಹರಿಹರಕ್ಕೆ ಬದಲಾಯಿತು. ಬಯಲಿನಲ್ಲಿ ಆಡುವ ನಾಟಕ, ಬಯಲಿನಲ್ಲೇ ದನಿ ಕಟ್ಟಬೇಕು ಎಂದು ಮೇಡಂ ಭಾನುವಾರ ಬೆಳಿಗ್ಗೆ ನಮ್ಮನ್ನು ಹೊಳೆಯ ಬಂಡೆಗಳ ಮೇಲೆ ನಿಲ್ಲಿಸುತ್ತಿದ್ದರು. ನೀರು ಇಳಿದು ಅಲ್ಲಲ್ಲಿ ಹರಿಯುತ್ತಿತ್ತು. ಬಟ್ಟೆ ಒಗೆಯುವವರು ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಸ್ವಲ್ಪ ತಡವಾಗಿ ನಮ್ಮನ್ನು ಮುಟ್ಟುತ್ತಿತ್ತು. ಆ ಸದ್ದಿನ ಮೇಲೂ ಕೇಳುವಂತೆ, ಆದರೆ ಕೂಗದೆ, ಮಾತಾಡಬೇಕು. ದನಿಯನ್ನು ಗಂಟಲಿಂದ ಕೆಳಕ್ಕೆ, ಪಕ್ಕೆಲುಬಿನ ಬುಡಕ್ಕೆ ಇಳಿಸುವ ಕೆಲಸ. ಅರಸನಿಗೆ ಒಂದೇ ಮಾತು ಇದ್ದುದರಿಂದ ನಾನು ‘ಇನ್ನೊಮ್ಮೆ ಹೇಳು’ ಎಂಬುದನ್ನೇ ಆಚೆ ದಡಕ್ಕೆ ಎಷ್ಟೋ ಸಲ ಹೇಳಿದೆ. ಒಮ್ಮೆ ಬಟ್ಟೆ ಒಗೆಯುವ ಹೆಂಗಸು ಸೊಂಟದ ಮೇಲೆ ಕೈ ಇಟ್ಟು, “ಏನ್ ಹೇಳ್ಬೇಕ್ರೀ ಯಜಮಾನ್ರೆ? ನಾವೇನೂ ಅಂದೇ ಇಲ್ಲ!” ಎಂದಳು. ಆವತ್ತು ಮೇಡಂ ಕೂಡ ಬಂಡೆಯ ಮೇಲೆ ಕೂತು ನಕ್ಕರು.

ದೂತ ವಾಪಸು ಬಂದಿದ್ದ. ದನಿ ಹಿಂದಿಗಿಂತ ಸಡಿಲವಾಗಿತ್ತು. ಎರಡು ಪುಟದ ಬಹುಭಾಗ ಈಗ ಹಾಡೂ ಅಲ್ಲದ, ಓದೂ ಅಲ್ಲದ ಮಾತಾಗಿತ್ತು. ಕೊನೆಯ ಸಾಲು ಮಾತ್ರ ಬಾಗಿಲು ಹಾಕಿಕೊಂಡೇ ಇತ್ತು. ಒಂದು ದಿನ ಬರುತ್ತಿತ್ತು, ಒಂದು ದಿನ ಬರುತ್ತಿರಲಿಲ್ಲ. ಬಂದ ದಿನ ‘ಇನ್ನೊಮ್ಮೆ ಹೇಳು’ ಎಂದಾಗ ನಿಂತುಹೋಗುತ್ತಿತ್ತು.

ನಾನೊಂದು ಉಪಾಯ ಹೇಳಿದೆ. ಅರಸ ಪೀಠದ ತೋಳಿನ ಮೇಲೆ ಬೆರಳಿಂದ ಐದರ ತಟ್ಟು ಕೊಡುವುದು. ಜನಕ್ಕೆ ಅದು ಅರಸನ ಕಳವಳದಂತೆ ಕಾಣುತ್ತದೆ, ದೂತನಿಗೆ ತಾಳ ಸಿಗುತ್ತದೆ. ಪ್ರಯತ್ನಿಸಿದೆವು. ಸಾಲು ಸಲೀಸಾಗಿ ಬಂತು, ಹಾಡಾಗಿ ಬಂತು. ಹಿಂದಿನ ಸಾಲುಗಳೆಲ್ಲ ಒಬ್ಬ ಮನುಷ್ಯನ ಮಾತಾಗಿದ್ದವು, ಇದೊಂದು ತೊಟ್ಟಿಲ ಪದದಂತೆ ತೂಗಿತು. ಮೇಡಂ ನನ್ನ ಬೆರಳನ್ನೇ ನೋಡುತ್ತಿದ್ದರು.

“ಬ್ಯಾಡ ಸರ್. ಕಾಲಿಗೆ ಊರುಗೋಲು ಕಟ್ಟಿದಂಗಾತು.”

ಪ್ರದರ್ಶನಕ್ಕೆ ಎರಡು ವಾರ ಉಳಿದಿತ್ತು. ಮೇಡಂ ಅವನನ್ನೂ ನನ್ನನ್ನೂ ಭಟನ ಹುಡುಗಿಯನ್ನೂ ಕೂರಿಸಿಕೊಂಡು ನೇರವಾಗಿ ಕೇಳಿದರು. ದಾರಿ ಎರಡಿವೆ. ಅರಸನ ಮಾತನ್ನು ತೆಗೆದುಬಿಟ್ಟರೆ ದೂತ ಆ ಸಾಲನ್ನು ಒಂದೇ ಸಲ ಹೇಳಿದರೆ ಸಾಕು. ಇಲ್ಲವೇ ಕೊನೆಯ ಸಾಲನ್ನು ಬಾಗಿಲಲ್ಲಿ ನಿಂತ ಕಾವಲುಭಟ ಹೇಳಲಿ.

“ನಾನು ಒಲ್ಲೆ ಮೇಡಂ,” ಎಂದಳು ಹುಡುಗಿ. “ಧೂಳು ಕುಡ್ಕಂಡು ಬಂದೋನು ಇವನು. ಬಾಗ್ಲಾಗೆ ನಿಂತೋಳು ನಾನು. ಸತ್ತ ಸುದ್ದಿ ನಾನ್ಯಾಕ ಹೇಳ್ಲಿ? ನೋಡಿದೋರು ಹೇಳ್ಬೇಕು.”

ಮೇಡಂ ದೂತನ ಕಡೆ ತಿರುಗಿದರು. ಅವನು ಹೇಳಲು ಶುರುಮಾಡಿದ. ನಾವು ಮೂವರೂ ಕಾದೆವು. ಹೊಳೆಯಲ್ಲಿ ಬಟ್ಟೆಯ ಸದ್ದು ಬಂದುಹೋಗುತ್ತಿತ್ತು.

“ಎರಡೂ ಸಲ ನಾನೇ ಹೇಳ್ತೀನಿ,” ಎಂದ ಅವನು ಕೊನೆಗೆ. “ತಡ ಆಗ್ತೈತೆ. ಆಗ್ಲಿ.”

“ತಡ ಆದ್ರೆ ಜನ ಏನಂತಾರೋ,” ಎಂದೆ ನಾನು. ಅದು ನನ್ನ ಭಯ, ಅವನದಲ್ಲ.

ಮೇಡಂ ನನಗೆ ಹೇಳಿದರು: “ಸರ್, ಜನದ ಮಾತು ಬಿಡ್ರಿ. ನೀವು ಅರಸ. ಇವನು ಆ ಪದ ಹೇಳೋವರೆಗೂ ನಿಮ್ಮ ಮಗ ಬದುಕೇ ಅದಾನೆ. ಇವನು ಎಷ್ಟು ತಡ ಮಾಡ್ತಾನೋ ಅಷ್ಟು ಹೊತ್ತು ಬದುಕಿರ್ತಾನೆ. ನಿಮಗ್ಯಾಕ ಅವಸರ?”

ಆರು ತಿಂಗಳಿಂದ ‘ಗೊತ್ತಿಲ್ಲದಂತೆ ಕೇಳಿ’ ಎಂದು ಅವರು ಹೇಳುತ್ತಿದ್ದುದು ನನಗೆ ಅರ್ಥವಾದದ್ದು ಆ ಬಂಡೆಯ ಮೇಲೆ.

ತೀರ್ಮಾನ ಆಯಿತು. ಸಾಲು ಇರುತ್ತದೆ, ಎರಡು ಸಲ ಇರುತ್ತದೆ. ದೂತ ನಿಂತರೆ ಪಕ್ಕದಿಂದ ಯಾರೂ ಎತ್ತಿಕೊಡುವಂತಿಲ್ಲ. ಹಾರ್ಮೋನಿಯಂನವರು ಜಾಗ ತುಂಬುವಂತಿಲ್ಲ. ದೀಪದವರು ಬೆಳಕು ಇಳಿಸುವಂತಿಲ್ಲ. ಎಲ್ಲರೂ ಒಪ್ಪಿದರು. ಉಳಿದದ್ದು ನನ್ನ ಬಾಯಿ.

“ಸರ್, ನಿಮ್ಮ ತುಟಿ ಆಡ್ತಾ ಐತೆ,” ಎಂದಳು ಭಟ, ಮುಂದಿನ ತಾಲೀಮಿನಲ್ಲಿ. “ನಾನು ಇಲ್ಲಿಂದ ಓದ್ಬೋದು.”

ನಿಜವಾಗಿತ್ತು. ದನಿ ನಿಲ್ಲಿಸಿದ್ದೆ, ತುಟಿಯನ್ನಲ್ಲ. ಮೇಡಂ ಒಂದು ಕೆಲಸ ಕೊಟ್ಟರು. ದೂತನ ತುಟಿ ನೋಡಬೇಡಿ, ಅವನ ಎದೆ ನೋಡಿ. ಅವನು ಉಸಿರು ಎಳೆದಾಗ ನೀವೂ ಎಳೆಯಿರಿ, ಬಿಟ್ಟಾಗ ಬಿಡಿ. ಅವನು ಹಿಡಿದರೆ ನೀವೂ ಹಿಡಿಯಿರಿ. ಎರಡು ಪುಟಗಳ ಉದ್ದಕ್ಕೂ ಇಷ್ಟೇ. ನಾನು ಅವನ ಪ್ರತಿಯಿಂದ ಉಸಿರಿನ ಗುರುತುಗಳನ್ನು ನನ್ನ ಪ್ರತಿಗೆ ಇಳಿಸಿಕೊಂಡೆ. ಕೆಲವು ದಿನಗಳಲ್ಲಿ ಗುರುತು ನೋಡುವ ಅಗತ್ಯ ಉಳಿಯಲಿಲ್ಲ. ಬೇರೊಬ್ಬರ ಉಸಿರಿನ ಲೆಕ್ಕದಲ್ಲಿ ಉಸಿರಾಡುವವನಿಗೆ ಮಾತು ಕಟ್ಟಲು ಪುರುಸೊತ್ತು ಇರುವುದಿಲ್ಲ.

ಪ್ರದರ್ಶನದ ಸಂಜೆ ಶಾಲೆಯ ಬಯಲಿನಲ್ಲಿ ಕುರ್ಚಿಗಳು ತುಂಬಿದ್ದವು. ಬಹಳಷ್ಟು ಮಂದಿ ಹರಿಹರದವರು. ದಾವಣಗೆರೆಯಿಂದ ಬಂದವರಲ್ಲಿ ದೂತನ ತಂದೆ ಇದ್ದರು. ಅಂಗಡಿ ಬೇಗ ಮುಚ್ಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು. ಅವರು ಬರುತ್ತಾರೆಂದು ಮಗನಿಗೆ ಗೊತ್ತಿರಲಿಲ್ಲ. ಬಣ್ಣ ಹಚ್ಚಿಕೊಳ್ಳುವಾಗ ಪರದೆಯ ಸಂದಿನಿಂದ ನೋಡಿ ಬಂದ ಭಟ ಹೇಳಿದಳು. ಅವನು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ.

ದೃಶ್ಯ ಶುರುವಾಯಿತು. ನಾನು ಪೀಠದ ಮೇಲೆ. ಅವನು ಎಡದಿಂದ ಬಂದ. ಓಡುತ್ತ ಬಂದ ದೂತ ಎದುರಿಗೆ ಬಂದ ಮೇಲೆ ಕೂಡಲೇ ಮಾತಾಡುವುದಿಲ್ಲ, ಎರಡು ಉಸಿರು ತೆಗೆದುಕೊಳ್ಳುತ್ತಾನೆ. ನಾನೂ ಎರಡು ಉಸಿರು ತೆಗೆದುಕೊಂಡೆ. ‘ದೊರೆಯೆ, ಬಂದೆನು ನಾನು’ ಎಂದು ಅವನ ದನಿ ಎದ್ದು, ಕುರ್ಚಿಗಳ ಕೊನೆಯ ಸಾಲು ದಾಟಿ ಹೋದದ್ದು ನನಗೆ ಕೇಳಿಸಿತು. ಹೊಳೆಯ ಮೇಲೆ ಕಟ್ಟಿದ ದನಿ. ಧೂಳು ಬಂತು. ಕುದುರೆಗಳು ಬಂದವು. ಗಾಳಿ ಯಾವ ಕಡೆಗಿತ್ತು ಎಂದು ಹೇಳುವಾಗ ಅವನು ಕೈ ಎತ್ತಿ ತೋರಿಸಿದ. ತಾಲೀಮಿನಲ್ಲಿ ಒಮ್ಮೆಯೂ ಹಾಗೆ ಮಾಡಿರಲಿಲ್ಲ. ನಾನು ಆ ಕಡೆ ನೋಡಿದೆ. ನೋಡಬೇಕೆಂದು ಯಾರೂ ಹೇಳಿರಲಿಲ್ಲ.

ಕೊನೆಯ ಸಾಲಿನ ಹಿಂದಿನ ವಾಕ್ಯ ಮುಗಿಯಿತು. ಗುರುತಿನ ಜಾಗದಲ್ಲಿ ಅವನು ಉಸಿರು ಎಳೆದ. ನಾನೂ ಎಳೆದೆ. ಅವನ ತುಟಿ ಕೂಡಿತು.

ಪದ ಬರಲಿಲ್ಲ.

ಬಯಲಿನಲ್ಲಿ ಸದ್ದಿರಲಿಲ್ಲ. ಸೇತುವೆಯ ಮೇಲೆ ಹೋಗುವ ಗಾಡಿಗಳ ಸದ್ದು ಮಾತ್ರ ದೂರದಲ್ಲಿತ್ತು. ಅವನ ಭುಜದ ಆಚೆ ಮೂರನೆಯ ಸಾಲು ನನಗೆ ಕಾಣುತ್ತಿತ್ತು. ತಂದೆ ಕುರ್ಚಿಯ ತುದಿಗೆ ಬಂದಿದ್ದರು. ಬಲಗೈ ಮೊಣಕಾಲಿನಿಂದ ಮೇಲೆದ್ದಿತ್ತು, ಬಾಯಿ ಅರ್ಧ ತೆರೆದಿತ್ತು. ಎಂದಿನಂತೆ ಮಗನ ಮಾತನ್ನು ಇಸಿದುಕೊಳ್ಳಲು ಸಿದ್ಧವಾದ ಮುಖ. ಆದರೆ ಮುಂದಿನ ಪದ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನಾವು ಕೆಲವರು. ನಾವು ಸುಮ್ಮನಿದ್ದೆವು.

ನನ್ನ ಎದೆಯಲ್ಲಿ ಉಸಿರು ಹಾಗೇ ನಿಂತಿತ್ತು. ಮಗ ಇನ್ನೂ ಬದುಕಿದ್ದ.

“ಬಿದ್ದನದೊ,” ಎಂದ ದೂತ. ಗಟ್ಟಿಯಾಗಿ ಅಲ್ಲ. “ಕಡೆಯವನು, ನಿನ್ನ ಮಗನೆದೆಯೊಡ್ಡಿ.”

ಈಗ ನನ್ನ ಮಾತು. ಅದನ್ನು ನುಂಗಿಬಿಡಬಹುದಿತ್ತು. ಪರದೆಯವನಿಗೆ ಕೈಸನ್ನೆ ಮಾಡಿದ್ದರೆ ನಾಟಕ ಅಲ್ಲಿಗೇ ಮುಗಿಯುತ್ತಿತ್ತು, ಜನಕ್ಕೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ. ಬೇಡ ಎನ್ನುವ ನೋಟವಾಗಿರಲಿಲ್ಲ ಅದು.

“ಇನ್ನೊಮ್ಮೆ ಹೇಳು,” ಎಂದೆ.

ಎರಡನೆಯ ಸಲವೂ ಅವನು ನಿಂತ. ಎಷ್ಟು ಹೊತ್ತು ಎಂದು ನಾನು ಅಳೆಯಲಿಲ್ಲ. ಆಮೇಲೆ ಮೇಡಂ, ಅದು ಮೊದಲಿಗಿಂತ ಉದ್ದವಾಗಿತ್ತು ಎಂದರು. ಭಟ, ಇಲ್ಲ, ಚಿಕ್ಕದಿತ್ತು ಎಂದಳು. ಅವನು ಸಾಲನ್ನು ಪೂರ್ತಿ ಹೇಳಿದ. ಪರದೆ ಬಂತು.

ಬಣ್ಣ ತೊಳೆದು ಹೊರಗೆ ಬಂದಾಗ ತಂದೆ ಶಾಲೆಯ ನಲ್ಲಿಯ ಹತ್ತಿರ ನಿಂತಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡರು.

“ಸರ್, ನಂಗೆ ಆ ಪದ ಗೊತ್ತಿದ್ರೆ ಅಲ್ಲೇ ಎದ್ದು ಹೇಳಿಬಿಡ್ತಿದ್ದೆ,” ಎಂದರು. “ಗೊತ್ತಿರ್ಲಿಲ್ಲ. ಕೂತೆ. ಏನ್ ಮಾಡೋದು? ಕೂತೆ.” ರಂಗದ ಕಡೆ ಕೈ ಮಾಡಿ, “ಇವನೇ ಹೇಳ್ದ,” ಎಂದರು.

ಮಗ ಚೀಲ ಹೆಗಲಿಗೆ ಹಾಕಿಕೊಂಡು ಬಂದ. “ಅಬ್ಬಾ,” ಎಂದು ಶುರುಮಾಡಿ ನಿಂತ. ತಂದೆಯ ಬಾಯಿ ತೆರೆಯಿತು. ಮುಚ್ಚಿತು. ಕೈಯಲ್ಲಿದ್ದ ಸ್ಕೂಟರಿನ ಕೀಲಿಯನ್ನು ತಿರುಗಿಸುತ್ತ, ನೆಲ ನೋಡುತ್ತ ನಿಂತರು.

“...ಹಸಿವಾಗೈತೆ,” ಎಂದ ಮಗ.

ತಂದೆ ನಕ್ಕುಬಿಟ್ಟರು. “ನಾನು ಮನಿಗೆ ಹೋಗಾಣ ಅಂತೀಯ ಅಂದ್ಕಂಡಿದ್ದೆ ನೋಡ್ರಿ ಸರ್!” ಎಂದು ನನಗೆ ಹೇಳಿದರು. ಮೂವರೂ ಹೋಗಿ ರಸ್ತೆ ಬದಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು.

ತರಗತಿ ಏಪ್ರಿಲ್‌ನಲ್ಲಿ ಮುಗಿಯಿತು. ದೂತನ ಪಾತ್ರದವನು ಮುಂದಿನ ವರ್ಷದ ಪದವಿ ತರಗತಿಗೆ ಅರ್ಜಿ ಹಾಕಿದ್ದಾನೆ. ಬೆಳಿಗ್ಗೆ ಅಂಗಡಿಯಲ್ಲಿರುತ್ತಾನೆ.

ಕಳೆದ ವಾರ, ಗೋಣಿಚೀಲದ ದರ ಏರಿದ್ದರ ಬಗ್ಗೆ ಒಂದು ಸುದ್ದಿಗೆ ಮಾಹಿತಿ ಬೇಕಾಗಿ, ನಾನು ಮಂಡಿಪೇಟೆಯ ಅಂಗಡಿಗೆ ಫೋನ್ ಮಾಡಿದೆ. ಆ ಕಡೆ ಎತ್ತಿದ ಸದ್ದಾಯಿತು. ಮಾತು ಬರಲಿಲ್ಲ. ಹಿಂದೆ ಯಾರೋ ಕಟ್ಟು ಎಣಿಸುವುದು ಕೇಳುತ್ತಿತ್ತು. ನಾನು ಫೋನ್ ಹಿಡಿದುಕೊಂಡು ಕೂತೆ. ಆಮೇಲೆ ಅವನು ಅಂಗಡಿಯ ಹೆಸರನ್ನು ಪೂರ್ತಿ ಹೇಳಿದ.